ಲಾಳಿ ಕಟ್ಟಿಗೆಯ ಪ್ಲೇಟು

ಬೆಟಗೇರಿ
೨೦ ಜನವರಿ ೧೯೮೩

ಪ್ರೀತಿಯ ತಮ್ಮ ಮುದಕಪ್ಪನಿಗೆ ಅಣ್ಣ ದೇವೇಂದ್ರಪ್ಪನ ಆಶೀರ್ವಾದ.

ಅಲ್ಲಿಯ ಥಂಡಿ ಹೇಗಿದೆ? ಕಾಲ್ಬೆರಳು ಒಡೆದು ರಕ್ತ ಬರುತ್ತಿದೆ ಎಂದು ಬರೆದಿದ್ದೆ, ಈಗ ಕಡಿಮೆಯಾಗಿದೆಯೋ? ನಿನ್ನ ವೈನಿ ದೇವವ್ವ ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಟ್ಟಿದ್ದಾಳೆ, ನಿಮ್ಮ ಪಲ್ಟನ್ನಿನಿಂದ ರಜೆಯ ಮೇಲೆ ಬರುವ ಯಾರಾದರೂ ಸಿಕ್ಕರೆ ಕಳಿಸುತ್ತೇವೆ. ನಾವೆಲ್ಲ ಆರಾಮ ಇದ್ದೇವೆ. ಎಳ್ಳಮಾಸಿಗೆ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲುವಾಗ ಕೊರ್ಲಹಳ್ಳಿಯ ಸೋದರಮಾವ ನಿನ್ನ ಹೆಸರು ತೆಗೆದು ಕಣ್ಣು ಒರೆಸಿಕೊಂಡ. ಕಡಲೆ ಪರವಾಗಿಲ್ಲ, ಬಿಳಿಜೋಳ ತೆನೆ ಹಿಡಿದಿದೆ.

ನಿನ್ನ ಪತ್ರ ಬಂದು ವಾರವಾಯಿತು, ಉತ್ತರ ಬರೆಯಲು ಕೈ ಬರಲಿಲ್ಲ. "ಅವ್ವನ ಮಣ್ಣಿಗೆ ಬರಾಕ ಆಗಲಿಲ್ಲ ಅಂತ ಜೀವ ಕೊರೀತಿತ್ತು. ನೀ ಕಳಿಸಿದ ಕೊನೀ ಫೋಟೋದಾಗ ಆಕಿ ಮಾರಿ ನೋಡಿ ಸಮಾಧಾನ ಆತು. ಎಷ್ಟ ಶಾಂತ ಅದಾಳ! ದಿನಾ ಮುಂಜಾನಿ ಕೈ ಮುಗದ ಡ್ಯೂಟಿಗೆ ಹೋಗತೀನಿ" ಎಂದು ಬರೆದಿದ್ದೀ. ಅದನ್ನು ದೇವವ್ವನಿಗೆ ಓದಿ ಹೇಳುವಾಗ ನಾನು ಮುಖ ಎತ್ತಲಿಲ್ಲ. ತಮ್ಮಾ, ಆ ಫೋಟೋ ಅವ್ವ ತೀರಿಕೊಂಡ ದಿನದ್ದಲ್ಲ. ನಾಚಿಕೆಯಿಂದ ಮುಚ್ಚಿಟ್ಟಿದ್ದೆ. ನೀನು ಕೈ ಮುಗಿಯುತ್ತಿದ್ದೀ ಎಂದು ಗೊತ್ತಾದ ಮೇಲೆ ಮುಚ್ಚಿಡುವುದು ಪಾಪ ಅನ್ನಿಸಿತು.

ಮೊದಲಿನಿಂದ ಹೇಳುತ್ತೇನೆ. ನಮ್ಮ ಸ್ಟುಡಿಯೋದ ಮುಂಬೈಯ ಹಳೇ ಕ್ಯಾಮೆರಾ ಸ್ಟ್ಯಾಂಡು ನಿನಗೆ ನೆನಪಿದೆಯಲ್ಲ? ಕ್ಯಾಮೆರಾದ ತಳಕ್ಕೆ ಸಣ್ಣ ಪ್ಲೇಟು ತಿರುಪಿ ಬಿಗಿದು, ಅದನ್ನು ಸ್ಟ್ಯಾಂಡಿನ ತಲೆಯೊಳಗೆ ಸರಿಸಿದರೆ ಟಕ್ಕೆಂದು ಕೂಡುತ್ತಿತ್ತು. ಬದಿಯ ಗುಬುಟು ಒತ್ತಿದರೆ ಕ್ಯಾಮೆರಾ ಬಿಚ್ಚಿ ಕೈಗೆ ಬರುತ್ತಿತ್ತು. ಮದುವೆ ಮನೆಯಲ್ಲಿ ಅದರ ಸುಖ ಇನ್ನೊಂದಿಲ್ಲ. ಶಿರಹಟ್ಟಿಯ ಒಂದು ಮದುವೆಯಲ್ಲಿ ಆ ಪ್ಲೇಟೇ ಕಳೆದುಹೋಯಿತು. ಹುಬ್ಬಳ್ಳಿಯ ಅಂಗಡಿಯವನು, "ಅದೊಂದ ಬೇಕಂದ್ರ ಹ್ಯಾಂಗ್ರೀ? ಮುಂಬೈಯಿಂದ ತರಿಸಬೇಕು. ಆ ರೊಕ್ಕಕ್ಕ ಇನ್ನೊಂದ ಸ್ಟ್ಯಾಂಡ ಬರತೈತಿ" ಎಂದು ನಕ್ಕ. ಮನೆಗೆ ಬಂದು ಹೇಳಿದೆ. ಅವ್ವ ಬಾಯಿ ಮೇಲೆ ಕೈಯಿಟ್ಟು, "ಮೂಗಿಗಿಂತ ಮೂಗುತಿ ಭಾರ ಆತಲ್ಲೋ!" ಎಂದಳು.

ನನಗೂ ಹಟ ಹುಟ್ಟಿತು. ಸಾಗವಾನಿ ತುಂಡು ಕೊರೆಸಿದೆ, ತಿರುಪು ಬಿಗಿಯುವಾಗಲೇ ಸೀಳಿತು. ವರ್ಕ್‌ಶಾಪಿನಲ್ಲಿ ಕಬ್ಬಿಣದ್ದು ಮಾಡಿಸಿದೆ, ಒಳಗೆ ಹೋದದ್ದು ಹೊರಗೆ ಬರಲೊಲ್ಲದು, ಸುತ್ತಿಗೆಯಿಂದ ಬಡಿದು ತೆಗೆಯಬೇಕಾಯಿತು. ಕೊನೆಗೆ ನಮ್ಮ ಓಣಿಯ ನೇಕಾರರ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಮಗ್ಗದ ಲಾಳಿ ಕೇಳಿ ತಂದೆ. ಎಂಥ ಕಟ್ಟಿಗೆ ಅದು! ಕಬ್ಬಿಣದಷ್ಟು ಗಟ್ಟಿ, ನೂಲಿನ ಮೇಲೆ ವರ್ಷಗಟ್ಟಲೆ ಓಡಾಡಿ ಬೆಣ್ಣೆಯಷ್ಟು ನುಣುಪು. ಅದನ್ನು ಕೊಯ್ದು ಪ್ಲೇಟು ಮಾಡಿದೆ. ಒಂದೊಂದು ಮಾಡಿದಾಗಲೂ ಅಂಗಳದಲ್ಲಿ ಅವ್ವನನ್ನೇ ಕೂಡಿಸಿ ಒಂದು ಫೋಟೋ ತೆಗೆದು ಪರೀಕ್ಷೆ ಮಾಡುತ್ತಿದ್ದೆ. ಲಾಳಿಯದು ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಬಂತು. ಗದಗಿನ ಉಳಿದ ಸ್ಟುಡಿಯೋದವರಿಗೆಲ್ಲ ತೋರಿಸಿ ಬೀಗಿದೆ.

ಆದರೆ ಅಂಗಳದ ಬಿಸಿಲಿನಲ್ಲಿ ಕ್ಯಾಮೆರಾ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ, ಅಷ್ಟರೊಳಗೆ ಯಾವ ಹುಳುಕೂ ಕಾಣುವುದಿಲ್ಲ. ಅದು ನನ್ನ ತಲೆಗೆ ಹೊಳೆಯಲಿಲ್ಲ. ಅವ್ವ ಹೋದ ದಿನ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಏರಿಸಿದ್ದರು. ಒಳಗೆ ಮಬ್ಬು. ಫ್ಲ್ಯಾಶ್ ಹೊಡೆದರೆ ಇಬತ್ತಿ ಹಚ್ಚಿದ ಮುಖ ಬರೀ ಬಿಳುಪಾದೀತು ಎಂದು ನಾನೇ ಜಾಣತನ ಮಾಡಿ, ಸ್ಟ್ಯಾಂಡಿನ ಮೇಲೆ ಲೆನ್ಸು ಹತ್ತೆಣಿಸುವಷ್ಟು ಹೊತ್ತು ತೆರೆದಿಟ್ಟೆ. ಆ ನುಣುಪು ಕಟ್ಟಿಗೆ ಹಿಡಿತ ತಪ್ಪಿ ಕ್ಯಾಮೆರಾ ಸಮೇತ ಮೆಲ್ಲಗೆ ಜಾರುತ್ತಿತ್ತು. ಕಣ್ಣಲ್ಲಿ ನೀರು, ನಾನು ನೋಡಲಿಲ್ಲ. ರೋಲು ತೊಳೆದಾಗ ಎಲ್ಲದರಲ್ಲೂ ಅವ್ವನ ಮುಖ ಕೆಳಕ್ಕೆ ಎಳೆದ ಸುಣ್ಣದ ಗೆರೆ. ಊರವರ ಹೆಣಕ್ಕೆಲ್ಲ ಫೋಟೋ ತೆಗೆದವನು ಹೆತ್ತವಳದ್ದನ್ನೇ ಕೆಡಿಸಿದೆ.

ಅತ್ತ ಕೊರ್ಲಹಳ್ಳಿಯ ಮಾವ ಫೋಟೋ ಕೇಳುತ್ತಿದ್ದ, ಇತ್ತ ನಿನ್ನ ತಂತಿ. ಅಂಗಳದ ಫೋಟೋಗಳಲ್ಲಿ ಒಂದರಲ್ಲಿ ಅವ್ವನ ಕಣ್ಣು ಮುಚ್ಚಿದ್ದವು. ಅದನ್ನು ಸ್ಟುಡಿಯೋದಲ್ಲಿ ಫೋಟೋ ತಿದ್ದುವ ನಮ್ಮ ಬ್ರಶ್ ಕೆಲಸದ ಲಾಡಸಾಬನ ಮುಂದಿಟ್ಟೆ. ಹಿಂದಿನ ಅಂಗಳ ಅಳಿಸಬೇಕು, ತೆರೆದ ಬಾಯಿ ಮುಚ್ಚಬೇಕು, ಹೂವು ಬರೆಯಬೇಕು ಎಂದೆ. ಅವನು ಕುಂಚ ತೊಳೆದುಕೊಂಡು, "ಅಣ್ಣಾರ, ಅವ್ವಾರ ಹಣಿಗಿ ಇಬತ್ತಿ ನಾ ಹಚ್ಚಬೇಕೇನ್ರಿ?" ಎಂದು ಕೇಳಿದ. "ಹಚ್ಚಪಾ" ಎಂದು ಹೊರಗೆ ಎದ್ದು ಹೋದೆ. ಮಾವನ ಮನೆಯಲ್ಲೂ ಈಗ ಅದಕ್ಕೇ ಪೂಜೆ. ಅವನಿಗೆ ಇನ್ನೂ ಹೇಳಿಲ್ಲ.

ಬೈಯುವುದಿದ್ದರೆ ಬೈದು ಬರೆ, ಬರೆಯದೆ ಮಾತ್ರ ಇರಬೇಡ. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೋ. ದೇವವ್ವ ನಿನ್ನನ್ನು ಕೇಳಿದ್ದಾಳೆ. ಆ ಗುಡ್ಡಗಾಡಿನಲ್ಲಿ ಹುಷಾರಾಗಿರು, ನಿನ್ನನ್ನು ಶಿವ ಕಾಯಲಿ.

ನಿನ್ನ ಅಣ್ಣ
ದೇವೇಂದ್ರಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಟಪಾಲು ಹೋಗುವ ಹೊತ್ತಾಯಿತು. ಬ್ರಶ್ ಮುಟ್ಟಿಸದ ಫೋಟೋ ಒಳಗಿಟ್ಟಿದ್ದೇನೆ. ನೀನು ಶಾಂತ ಎಂದೆಯಲ್ಲ, ಆ ಕಣ್ಣು ಮುಚ್ಚಿದ್ದು ಒಳಗಿನಿಂದ ಬಂದ ಒಲೆಯ ಹೊಗೆಗೆ. ಬಾಯಿ ತೆರೆದದ್ದು, "ಜಲ್ದಿ ತಗೀಲೇ, ಹಂಚಿನ ಮ್ಯಾಲ ರೊಟ್ಟಿ ಐತಿ!" ಎಂದು ನನ್ನನ್ನು ಬೈಯುತ್ತಿದ್ದುದಕ್ಕೆ. ಗುಂಡಿ ಒತ್ತಿದ್ದೇ ತಡ, ಎದ್ದು ಒಳಗೆ ಓಡಿದಳು. ರೊಟ್ಟಿ ಹೊತ್ತಿತ್ತು. ಕರಕು ಕೆರೆದು, ಬೆಣ್ಣೆ ಹಚ್ಚಿ, ನನ್ನ ತಾಟಿಗೇ ಹಾಕಿದಳು. ಹೊತ್ತಿದ್ದು ನನಗೇಕೆ ಎಂದು ನಾನು ಅದನ್ನು ಬದಿಗೆ ಸರಿಸಿ, ಪ್ಲೇಟು ತೋರಿಸಲು ಗದಗಿಗೆ ಹೋದೆ.