ಬಣ್ಣದಡಿಯ ಫಲಕ

ಮಾರ್ಚ್ ೧೨, ಗುರುವಾರ

ಅಪ್ಪನ ದೋಣಿಗೆ ಹೊಸದಾಗಿ ಎಷ್ಟು ಎಚ್‌ಪಿಯ ಎಂಜಿನ್ ಎಂಬುದು ಇವತ್ತೂ ತೀರ್ಮಾನವಾಗಲಿಲ್ಲ. ತಮ್ಮನದು ಒಂದೇ ಹಟ: "ಅಪ್ಪನ ಹತ್ರ ಇದ್ದ ಹಾಗೆ ಹದಿನೈದೇ ಇರ್ಲಿ ಅಣ್ಣ." ಮೆಕ್ಯಾನಿಕ್ ಮಾತ್ರ, "ದೋಣಿಯ ಹಿಂದಿನ ಹಲಗೆ ಮೇಲೆ ಎಷ್ಟು ಅಂತ ಬರ್ದಿರುತ್ತೆ, ನೋಡಿ. ಅದಕ್ಕಿಂತ ದೊಡ್ಡದು ಹಾಕಿದ್ರೆ ಭಾರಕ್ಕೆ ಹಿಂದೆ ತಗ್ಗಿ ನೀರು ನುಗ್ಗುತ್ತೆ" ಎಂದ.

ಸಂಜೆ ಒಬ್ಬನೇ ಕೂತು ಬಣ್ಣ ಕೆರೆದೆ. ನೀಲಿ, ಅದರಡಿ ತಗಡಿನ ಫಲಕ: ಹೆಚ್ಚೆಂದರೆ ಎಂಟು.

ದೋಣಿಯ ಹಿಂದಿನಿಂದ ನೀರು ನುಗ್ಗಿ ಅಪ್ಪ ಮುಳುಗಿ ಸತ್ತಾಗಿನಿಂದ ನಾಲ್ಕು ವರ್ಷ ಅಲೆಯನ್ನೇ ಬೈದುಕೊಂಡು ಬಂದೆ. ಹದಿನೈದರ ಎಂಜಿನ್ ನಾನು ಕೊಡಿಸಿದ್ದು, "ಇಷ್ಟು ಭಾರದ್ದು ಯಾಕೋ?" ಎಂದಿದ್ದರು ಅಪ್ಪ. ಎಲ್ಲ ಒಂದೇ ಬಣ್ಣ ಕಾಣಲಿ ಎಂದು ಫಲಕದ ಮೇಲೂ ನೀಲಿ ಬಳಿದವನು ನಾನೇ.

ತಮ್ಮ ಬಂದ. "ಎಂಟರದ್ದು ತರೋಣ" ಎಂದೆ. "ಯಾಕಣ್ಣ?" ಎಂದ. ಫಲಕ ತೋರಿಸಿದರೆ ಸಾಕಿತ್ತು. ಅಂಗೈಯಿಂದ ಮುಚ್ಚಿಕೊಂಡೇ ನಿಂತೆ.