ಸಿಂಚನ ತೋರಿಸಿದ ತಪ್ಪು

ಜೂನ್ ೧೮, ಬುಧವಾರ

ಪ್ರೊಫೆಸರ್ ಹುದ್ದೆಯ ಅರ್ಜಿ ಇವತ್ತೂ ಹೋಗಲಿಲ್ಲ. ಪ್ರಕಟವಾದ ಮೂವತ್ತೊಂದು ಪ್ರಬಂಧಗಳಲ್ಲಿ ಬಾಯಿ ಕ್ಯಾನ್ಸರಿನ ಒಂದನ್ನೇ ನಾನೂರಕ್ಕೂ ಹೆಚ್ಚು ಸಂಶೋಧಕರು ಉಲ್ಲೇಖಿಸಿದ್ದಾರೆ. ನನ್ನ ಹೆಸರು ಹೊರಗೆ ಯಾರಿಗಾದರೂ ಗೊತ್ತಿದ್ದರೆ ಅದರಿಂದಲೇ.

ಬೆಳಿಗ್ಗೆ ನನ್ನ ಪಿಎಚ್.ಡಿ. ವಿದ್ಯಾರ್ಥಿನಿ ಸಿಂಚನ ಆ ಪ್ರಬಂಧದ ಹಳೇ ಸ್ಲೈಡುಗಳನ್ನು ತಂದು ಮೇಜಿನ ಮೇಲಿಟ್ಟಳು.

"ಮೇಡಂ, ಎರಡು ಗುಂಪಿನ ರೋಗಿಗಳ ಲೇಬಲ್ ಅದಲುಬದಲಾಗ್ಬುಟ್ಟಿದೆ ಅನ್ಸುತ್ತೆ. ಮೂರು ಸಲ ನೋಡ್ದೆ."

ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅವಳು ಹೇಳಿದ್ದು ಸರಿ. ಲೇಬಲ್ಲಿನ ಮೇಲಿರುವುದು ನನ್ನದೇ ಕೈಬರಹ. ಪ್ರಬಂಧದ ತೀರ್ಮಾನ ಇನ್ನು ನಿಲ್ಲುವುದಿಲ್ಲ.

ಲಕ್ಷ್ಮೀಪುರಂನ ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಮೊದ್ಲು ಅರ್ಜಿ ಹಾಕು, ಸಂದರ್ಶನ ಮುಗೀಲಿ, ಆಮೇಲೆ ಬರೆದ್ರಾಯ್ತು ಬುಡು" ಅಂದರು. ಅರ್ಧ ಗಂಟೆ ನನಗೂ ಹಾಗೇ ಅನಿಸಿತ್ತು. ಆದರೆ ಅಷ್ಟರಲ್ಲಿ ಯಾರಾದರೂ ಡಾಕ್ಟರು ಅದನ್ನು ನಂಬಿ ಚಿಕಿತ್ಸೆ ಕೊಟ್ಟರೆ? ಪ್ರಬಂಧ ಹಿಂಪಡೆಯುತ್ತೇನೆಂದು ಸಂಜೆಯೇ ಅದನ್ನು ಪ್ರಕಟಿಸಿದ್ದ ಸಂಶೋಧನಾ ಪತ್ರಿಕೆಗೆ ಬರೆದೆ. ತಪ್ಪು ಕಂಡುಹಿಡಿದವಳು ಸಿಂಚನ ಎಂದೂ ಸೇರಿಸಿದೆ.

ಫೋನಿನಲ್ಲಿ ತಿಳಿಸಿದಾಗ ಅವಳು ಅತ್ತುಬಿಟ್ಟಳು. "ಒಂದು ತಿಂಗಳಿಂದ ಗೊತ್ತಿತ್ತು ಮೇಡಂ. ನಿಮ್ಗೆ ಹೇಳೋಕೆ ಭಯ ಆಯ್ತು."

ಪ್ರಬಂಧ ಹೋಗಿದ್ದಕ್ಕೆ ಇಷ್ಟು ನೋವಾಗಿರಲಿಲ್ಲ. ದಿನವೂ ಪಕ್ಕದಲ್ಲೇ ಕೂತು ಕೆಲಸ ಮಾಡುವ ಹುಡುಗಿ, ಒಂದಿಡೀ ತಿಂಗಳು, ನನಗೆ ಹೆದರಿ ಇದನ್ನು ಮುಚ್ಚಿಟ್ಟುಕೊಂಡಿದ್ದಳು.