ಮೈದಾನಕ್ಕೆ ಬೆನ್ನು ಮಾಡಿ

ಭಾವಾ,

ಈ ಕಾಗದವನ್ನು ಓದದೆ ಹರಿದುಹಾಕುವವಳು ಅಕ್ಕ, ನೀನಲ್ಲ. ಅದಕ್ಕೇ ಮನೆಗೆ ಕಳಿಸದೆ ನೀನೀಗ ಗೋಲ್‌ಕೀಪರ್‌ಗಳಿಗೆ ತರಬೇತಿ ಕೊಡುವ ಕ್ಲಬ್ಬಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಕೋಪ ಬಂದರೆ ಬರಲಿ, ಕೊನೆಯವರೆಗೂ ಓದು.

ಸುತ್ತಿ ಬಳಸದೆ ಕೇಳಿಬಿಡುತ್ತೇನೆ. ಐದು ವರ್ಷ ನನ್ನೊಡನೆ ಮಾತು ಬಿಟ್ಟಿದ್ದ ಅಕ್ಕ ಬುಧವಾರ ಫೋನ್ ಮಾಡಿದ್ದಳು. ಕ್ಷೇಮ ಸಮಾಚಾರ ಏನೂ ಇಲ್ಲ. "ಆ ಹಾಡು ಯಾರ ಮೇಲೆ ಕಟ್ಟಿದ್ದು, ಯಾರು ಕಟ್ಟಿದ್ದು ಅಂತ ಪುಟ್ಟಿ ಕೇಳ್ತಾನೇ ಇದಾಳೆ. ಗೊತ್ತಿಲ್ಲ ಗೊತ್ತಿಲ್ಲ ಅಂತ ಇನ್ನೆಷ್ಟು ದಿನ ಹೇಳ್ಲಿ?" ಎಂದು ಫೋನ್ ಇಟ್ಟಳು. ಭಾವಾ, ಶಾಲೆಯಲ್ಲಿ ಯಾರಾದರೂ ಬಾಯಿಬಿಡುವ ಮೊದಲು ನಿನ್ನ ಮಗಳಿಗೆ ನಾನೇ ಹೇಳಬೇಕು. ಅದಕ್ಕೆ ನಿನ್ನ ಒಪ್ಪಿಗೆ ಬೇಕು. ಈ ಕಾಗದ ಇರುವುದು ಅಷ್ಟಕ್ಕೇ. ಆದರೆ ಅಷ್ಟೇ ಬರೆದು ನಿಲ್ಲಿಸಿದರೆ ನೀನು ಒಪ್ಪುವುದಿಲ್ಲ, ಒಪ್ಪಲೂಬಾರದು.

ನಿನ್ನ ಮದುವೆಯ ದಿನ ಅಕ್ಕ ನನ್ನ ಕಿವಿ ಹಿಂಡಿ, "ಇನ್ಮೇಲೆ ಇವರನ್ನ ನೀವು, ತಾವು ಅನ್ಬೇಕು" ಎಂದಿದ್ದಳಲ್ಲ, ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ಒಂದೇ ಬೆಂಚಿನಲ್ಲಿ ಕೂತವರು ನಾವು. ಶಾಲೆಯ ತಂಡದಲ್ಲಿ ನೀನು ಗೋಲ್ ಕಾಯುತ್ತಿದ್ದೆ, ನಾನು ಹೊರಗೆ ಕೂತು ನೀರಿನ ಬಾಟಲಿ ಕಾಯುತ್ತಿದ್ದೆ. ನೀನು ಊರಿನ ಕ್ಲಬ್ಬಿಗೆ ಆಯ್ಕೆಯಾದ ವರ್ಷವೇ ನನ್ನನ್ನು ಅದೇ ಕ್ಲಬ್ಬಿನ ಅಭಿಮಾನಿಗಳು ಹಾಡು ಎತ್ತಿಕೊಡಲು ಅಟ್ಟ ಹತ್ತಿಸಿದರು. ಜನ ಹೊಗಳಿ ಅಟ್ಟಕ್ಕೇರಿಸುತ್ತಾರೆ ಅನ್ನುತ್ತಾರಲ್ಲ, ನನಗೆ ಸಿಕ್ಕಿದ್ದು ನಿಜವಾದ ಕಬ್ಬಿಣದ ಅಟ್ಟ. ಉತ್ತರದ ಸ್ಟ್ಯಾಂಡಿನ ಮುಂದೆ, ಬೇಲಿಗೆ ವೆಲ್ಡ್ ಮಾಡಿದ್ದು, ಎರಡು ಪಾದ ಊರುವಷ್ಟೇ ಜಾಗ.

ಅಲ್ಲಿಯ ನಿಯಮ ನಿನಗೂ ಗೊತ್ತು. ಅಟ್ಟದ ಮೇಲಿರುವವನು ಜನರಿಗೆ ಮುಖ ಮಾಡಬೇಕು, ಮೈದಾನಕ್ಕೆ ಬೆನ್ನು. ತೊಂಬತ್ತು ನಿಮಿಷದಲ್ಲಿ ಒಂದು ಸಲವೂ ತಿರುಗಬಾರದು. ತಿರುಗಿದರೆ ಹಾಡು ಸಡಿಲವಾಗುತ್ತದೆ, ಮತ್ತೆ ಮುಂದಿನ ಪಂದ್ಯಕ್ಕೆ ಬೇರೆಯವನು. ಹಾಗಾಗಿ ಕ್ಲಬ್ಬಿಗೆ ನೀನು ಆಡಿದ ಒಂದು ಆಟವನ್ನೂ ನಾನು ಕಣ್ಣಾರೆ ಕಂಡಿಲ್ಲ ಎಂದರೆ ನಂಬುತ್ತೀಯಾ? ನೀನು ಹಾರಿ ಚೆಂಡು ಹಿಡಿದದ್ದನ್ನೆಲ್ಲ ಎರಡು ಸಾವಿರ ಮುಖಗಳಲ್ಲಿ ನೋಡಿದ್ದೇನೆ. ಬಾಯಿ ತೆರೆದು, ಉಸಿರು ಕಟ್ಟಿ, ಆಮೇಲೆ ಒಟ್ಟಿಗೇ ಅರಳುತ್ತಿದ್ದವು. "ಯಾರ್ ಹಿಡ್ದಿದ್ದು?" ಎಂದು ಡೋಲು ಬಾರಿಸುವ ಎಲೆಕ್ಟ್ರಿಷಿಯನ್‌ನನ್ನು ಕೇಳಿದರೆ, "ಇನ್ಯಾರು, ನಿಮ್ ಭಾವಾನೇ" ಅನ್ನುತ್ತಿದ್ದ. ನನ್ನ ಎದೆ ಉಬ್ಬುತ್ತಿತ್ತು.

ಐದು ವರ್ಷದ ಹಿಂದಿನ ಆ ದಿನವೂ ಮುಖಗಳನ್ನೇ ನೋಡಿದೆ. ಆ ವರ್ಷದ ಕೊನೆಯ ಪಂದ್ಯ, ಡ್ರಾ ಆಗಿದ್ದರೂ ಸಾಕಿತ್ತು. ಇದ್ದಕ್ಕಿದ್ದಂತೆ ಮುಂದಿನ ಸಾಲಿನವರು ತಲೆಯ ಮೇಲೆ ಕೈ ಹೊತ್ತರು. ಮುದುಕ ಟಿಕೆಟ್ ಕಲೆಕ್ಟರ್ ಮುಖ ಮುಚ್ಚಿಕೊಂಡ. ನೀನು ಚೆಂಡು ಕೈಬಿಟ್ಟೆ ಎಂದುಕೊಂಡೆ. ತಿರುಗಲಿಲ್ಲ, ಕೇಳಲಿಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಹಾಡಿದೆ. "ಬಾಗ್ಲು ತೆಗ್ದಿದೆ, ಬನ್ನಿ ಬನ್ನಿ! ಕಾಯೋನ್ ಮಲ್ಗಿದಾನೆ, ಬನ್ನಿ ಬನ್ನಿ!" ಮೂರನೇ ಸಲಕ್ಕೆ ಇಡೀ ಸ್ಟ್ಯಾಂಡ್ ಹಿಡಿದುಕೊಂಡಿತು. ಡೋಲು ಸೇರಿತು.

ನಮ್ಮದೇ ಡಿಫೆಂಡರ್‌ನ ಮೊಣಕಾಲು ನಿನ್ನ ಕಪಾಳಕ್ಕೆ ಬಡಿದದ್ದು, ಚೆಂಡು ಒಳಗೆ ಹೋಗುವಾಗ ನೀನು ಪ್ರಜ್ಞೆ ತಪ್ಪಿ ಬಿದ್ದಿದ್ದೆ ಎಂಬುದು ನನಗೆ ತಿಳಿದದ್ದು ರಾತ್ರಿ ವಿಡಿಯೊ ನೋಡಿದಾಗ. ಸ್ಟ್ರೆಚರ್ ತಂದು ನಿನ್ನನ್ನು ಎತ್ತುವಾಗಲೂ ಹಿಂದೆ ಹಾಡು ಕೇಳಿಸುತ್ತದೆ. ಎಲ್ಲರಿಗಿಂತ ಮೇಲೆ ಕೇಳುವ ಗಂಟಲು ನನ್ನದು. ಆಸ್ಪತ್ರೆಯ ಬಾಗಿಲಿನಲ್ಲಿ ಅಕ್ಕ ಒಂದು ವರ್ಷದ ಪುಟ್ಟಿಯನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. "ನಿಂಗೆ ಕಣ್ಣಿರಲಿಲ್ವೇನೋ?" ಎಂದು ಮಾತ್ರ ಕೇಳಿದಳು. ಇರಲಿಲ್ಲ ಅಕ್ಕ ಎಂದು ಹೇಳಬೇಕಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಹೋಗಲೂ ಇಲ್ಲ, ಅಲ್ಲೇ ಉಳಿದುಬಿಟ್ಟಿತು. ನೀನು ಬೇರೆ ಊರಿನ ತಂಡ ಸೇರಿದ ಮೇಲೂ ಪ್ರತಿ ಪಂದ್ಯದಲ್ಲೂ ಅದನ್ನು ಹಾಡುತ್ತಾರೆ. ಯಾವ ಕೀಪರ್‌ನ ಕೈಯಿಂದ ಚೆಂಡು ಜಾರಿದರೂ ಅದೇ. ಅದು ಯಾರ ಮೇಲೆ ಹುಟ್ಟಿದ್ದು ಎಂದು ಈಗಿನವರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಕ್ಲಬ್ಬಿನವರು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿದರು. ಸುತ್ತಲಿನ ಊರುಗಳಲ್ಲೂ ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ ಹಾಡುತ್ತಾರೆ. ಪುಟ್ಟಿ ಕಲಿತದ್ದೂ ಹಾಗೇ ಇರಬೇಕು.

ನಮ್ಮ ಜನ ಕೆಟ್ಟವರೆಂದು ನಾನು ಹೇಳಲಾರೆ. ಅಮ್ಮನ ಆಪರೇಷನ್‌ಗೆ ರಕ್ತ ಬೇಕೆಂದಾಗ ಸ್ಟ್ಯಾಂಡಿನಿಂದ ಮೂವತ್ತು ಜನ ಬಂದು ಸಾಲು ನಿಂತಿದ್ದರು, ನೀನೇ ನೋಡಿದ್ದೀಯ. ಅದೇ ಮೂವತ್ತು ಜನ ನಿನ್ನ ಸ್ಟ್ರೆಚರ್ ಹಿಂದೆ ಹಾಡಿದರು. ಒಬ್ಬೊಬ್ಬರನ್ನೇ ಕರೆದು ಕೇಳಿದರೆ "ಅಯ್ಯೋ, ಪಾಪ, ಒಳ್ಳೇ ಆಟಗಾರ" ಅನ್ನುತ್ತಾರೆ. ಒಟ್ಟು ಸೇರಿದರೆ ಆ ಪಾಪ ಎಲ್ಲಿ ಹೋಗುತ್ತದೋ. ಕ್ಲಬ್ ನಮ್ಮದು, ಕ್ಲಬ್ ನಮ್ಮದು ಎಂದು ಅರಚುತ್ತೇವೆ. ಅಲ್ಲಿಯ ಒಂದು ಮೊಳೆಯೂ ನಮ್ಮದಲ್ಲ. ಮಾಲೀಕರು ಬದಲಾದಾಗ ಪತ್ರಿಕೆಯಲ್ಲಿ ಓದಿ ತಿಳಿದುಕೊಂಡವರು ನಾವು. ನಮ್ಮದು ಅಂತ ಇರುವುದು ಗಂಟಲು ಒಂದೇ, ಅದನ್ನು ಹೇಗೆ ಬಳಸಿದೆವು ನೋಡು.

ಹಾಗಾದರೆ ಇಳಿದು ಬರಬಾರದೇ ಎಂದು ಕೇಳುತ್ತೀಯ. ಎಲ್ಲಿಗೆ ಇಳಿಯಲಿ? ನಾನು ಬಸ್ಸಿನ ಸೀಟು ಹೊಲಿಯುವ ವರ್ಕ್‌ಶಾಪಿನ ಮಾಲೀಕನೇ ನಮ್ಮ ಅಭಿಮಾನಿ ಸಂಘದ ಅಧ್ಯಕ್ಷ. ನಾನಿರುವ ಕೋಣೆ ಆ ವರ್ಕ್‌ಶಾಪಿನ ಮೇಲೇ ಇದೆ. ಕಿಟಕಿ ತೆಗೆದರೆ ಕೆಳಗೆ ರೆಕ್ಸಿನ್ ಉರುಳೆಗಳು, ಮುಚ್ಚಿದರೆ ಅಂಟಿನ ವಾಸನೆ. ಮೆಟ್ಟಿಲ ಗೋಡೆಗೆ ಕ್ಲಬ್ಬಿನ ಬಣ್ಣ. ಸ್ನೇಹಿತರೆಂದರೆ ಅವರೇ. ಅತ್ತ ದರಿ, ಇತ್ತ ಹುಲಿ. ಇಷ್ಟು ವರ್ಷದಲ್ಲಿ ಆ ಬೇಲಿಯ ಹೊರಗೆ ಒಬ್ಬನೇ ಒಬ್ಬ ಗೆಳೆಯನನ್ನು ಮಾಡಿಕೊಳ್ಳದೆ ಹೋದೆ.

ನೀನು ಎದುರಾಳಿ ತಂಡದ ಜೊತೆ ಬರುತ್ತೀಯೆಂದು ಗೊತ್ತಾದ ದಿನ ಅಧ್ಯಕ್ಷ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ಕೂತ. "ಕಾಯೋನ್ ಮಲ್ಗೋಕೆ ದೊಡ್ ದಿಂಬು ಮಾಡೋಣ ಕಣೋ. ಇಪ್ಪತ್ತಡಿ. ಸ್ಟ್ಯಾಂಡ್ ಮೇಲಿಂದ ಕೆಳಗಿನ್ ತನಕ ಉರುಳಿಸ್ಬೇಕು. ಹೊಲಿಗೆ ನಿಂದು, ಮತ್ಯಾರ್ ಕೈಲಾಗುತ್ತೆ?" ಎಂದ. ಆಗಲ್ಲ ಅನ್ನಬೇಕಿತ್ತು. "ಎಷ್ಟು ಬಟ್ಟೆ ಇದೆ?" ಎಂದು ಕೇಳಿದೆ. ನಾಲ್ಕು ದಿನ ಕೂತು ಹೊಲಿದೆ ಭಾವಾ. ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದೆ, ಎಳೆದಾಟದಲ್ಲಿ ಬಿಚ್ಚದಿರಲಿ ಎಂದು.

ಆದರೂ ಮೊನ್ನೆ ಭಾನುವಾರ ಅಟ್ಟ ಹತ್ತುವಾಗ ಒಂದು ನಿರ್ಧಾರ ಮಾಡಿದ್ದೆ. ಹಾಡು ನನ್ನಿಂದ ಶುರುವಾಗುವುದಿಲ್ಲ. ನೀನು ಮೈದಾನಕ್ಕೆ ಕಾಲಿಟ್ಟದ್ದು ಅವರ ಮುಖಗಳಲ್ಲೇ ಗೊತ್ತಾಯಿತು. ದಿಂಬು ಉರುಳಿ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೇಡ, ನಿಲ್ಲಿಸಿ ಎಂದು ಎರಡೂ ಕೈ ಎತ್ತಿದೆ. ನನ್ನ ಬುದ್ಧಿಗೆ ಏನೆನ್ನಲಿ! ಅಷ್ಟು ವರ್ಷ ನಾನೇ ಕಲಿಸಿದ್ದೆ, ಎರಡು ಕೈ ಎತ್ತಿದರೆ ಶುರು ಎಂದು. ಎರಡು ಸಾವಿರ ಗಂಟಲು ಒಟ್ಟಿಗೆ ಎದ್ದವು. ನಾನು ಕೈ ಬೀಸಿದಷ್ಟೂ ಜೋರಾಯಿತು.

ಆಗ ಪುಟ್ಟಿ ಕಂಡಳು. ನಮ್ಮ ಸ್ಟ್ಯಾಂಡಿನ ಪಕ್ಕ ಆಟಗಾರರ ಮನೆಯವರು ಕೂರುವ ಜಾಗವಿದೆಯಲ್ಲ, ಅಲ್ಲಿ. ಅಕ್ಕನ ಪಕ್ಕದಲ್ಲಿ ಇದ್ದದ್ದರಿಂದ ಗುರುತಾಯಿತು, ಇಲ್ಲದಿದ್ದರೆ ನನಗೇನು ಗೊತ್ತು ಅವಳ ಮುಖ. ಕುರ್ಚಿಯ ಮೇಲೆ ಹತ್ತಿ ನಿಂತು, ಚಪ್ಪಾಳೆ ತಟ್ಟಿಕೊಂಡು, ನಮ್ಮವರ ಜೊತೆ ಹಾಡುತ್ತಿದ್ದಳು. ಮುಂದಿನ ಎರಡು ಹಲ್ಲು ಬಿದ್ದಿವೆ. ನಡುನಡುವೆ ನಿನ್ನ ಕಡೆಗೆ ಕೈ ಬೀಸುತ್ತಿದ್ದಳು, ನೋಡಪ್ಪಾ ನಂಗೂ ಈ ಹಾಡು ಬರುತ್ತೆ ಅನ್ನುವ ಹಾಗೆ. ಅಕ್ಕ ಅವಳನ್ನು ಕೂರಿಸಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ನೀನು ಆಗ ಏನು ಮಾಡುತ್ತಿದ್ದೆಯೋ ನನಗೆ ಗೊತ್ತಿಲ್ಲ. ನೀನು ಮಗಳಿಗೆ ಚಪ್ಪಾಳೆ ತಟ್ಟಿದೆ ಎಂದು ಡೋಲಿನವನು ಆಮೇಲೆ ಹೇಳಿದ. ಅದನ್ನು ಕೇಳಿ ನಾನು ಸ್ಟೇಡಿಯಂ ಹಿಂದಿನ ನಲ್ಲಿಯ ಹತ್ತಿರ ಹೋಗಿ ಅತ್ತೆ.

ಒಂದು ಮಾತು ಬಚ್ಚಿಡಲಾರೆ. ಆ ಹಾಡು ಎದ್ದಾಗ, ಪುಟ್ಟಿ ಕಾಣುವ ಮೊದಲು, ನನಗೆ ಮೈ ಜುಮ್ಮೆಂದಿತು. ನಾನು ಕಟ್ಟಿದ್ದರಲ್ಲೆಲ್ಲ ಅದೇ ಚೆನ್ನಾಗಿದೆ ಭಾವಾ. ಹಾಳಾದ್ದು, ಎಷ್ಟು ಚೆನ್ನಾಗಿದೆ!

ಸೋಮವಾರ ಅಧ್ಯಕ್ಷನಿಗೆ, ನಾನು ಅಟ್ಟ ಬಿಡುತ್ತೇನೆ ಎಂದೆ. ಅವನು ರೇಗಲಿಲ್ಲ, ಹೆಗಲ ಮೇಲೆ ಕೈ ಹಾಕಿ ನಕ್ಕ. "ಬಿಟ್ಟು ಎಲ್ಲಿಗ್ ಹೋಗ್ತೀಯೋ ಮಂಕೆ? ನೀನಿಲ್ದಿದ್ರೂ ಹಾಡು ಇರುತ್ತೆ. ಹೋಗು, ಸೀಟು ಹೊಲಿ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನಿದೆ? ಹೋಗಿ ಸೀಟು ಹೊಲಿದೆ. ಮುಂದಿನ ಭಾನುವಾರ ನಾನು ಎಲ್ಲಿರುತ್ತೇನೆ ಎಂದು ನನಗೆ ಈ ಹೊತ್ತಿಗೂ ಗೊತ್ತಿಲ್ಲ. ಇಳಿದೇ ಇಳಿಯುತ್ತೇನೆ ಎಂದು ನಿನಗೆ ಮಾತು ಕೊಟ್ಟರೆ ಅದೊಂದು ಹೊಸ ಸುಳ್ಳಾಗಬಹುದು.

ಹಾಡನ್ನು ನಾನು ವಾಪಸು ಪಡೆಯಲಾರೆ. ಪುಟ್ಟಿಗೆ ನಿಜ ಹೇಳುವುದೊಂದು ನನ್ನ ಕೈಯಲ್ಲಿದೆ. ನಿನಗೊಬ್ಬ ಸೋದರಮಾವ ಇದ್ದಾನೆ, ಅವನು ನೋಡದೆ ಹಾಡಿದ, ನಿಮ್ಮಪ್ಪ ಮಲಗಿರಲಿಲ್ಲ, ಪೆಟ್ಟು ತಿಂದು ಬಿದ್ದಿದ್ದ ಎಂದು ಅವಳ ಮುಂದೆ ಕೂತು ಹೇಳಬೇಕು. ಅವಳು ಅತ್ತರೆ ಅಳಲಿ, ಹೊಡೆದರೆ ಹೊಡೆಯಲಿ. ಬಾ ಎಂದು ಒಂದೇ ಒಂದು ಸಾಲು ಬರೆ, ಬರುತ್ತೇನೆ.

ನಾನು ಬರುವುದು ಬೇಡ ಎನ್ನಿಸಿದರೆ ಅವಳಿಗೆ ನೀನೇ ಹೇಳು. ಆದರೆ ನಿನ್ನ ಸ್ವಭಾವ ನನಗೆ ಗೊತ್ತು, ನನ್ನ ಮಾನ ಉಳಿಸಲು ನೋಡುತ್ತೀಯ, ಜನ ಹಾಡಿದರು ಎಂದು ಹೇಳಿ ಮುಗಿಸುತ್ತೀಯ. ಹಾಗೆ ಹೇಳಬೇಡ ಭಾವಾ. ಐದು ವರ್ಷ ನಾನು ಆ ಜನರ ಹಿಂದೆಯೇ ಅವಿತುಕೊಂಡಿದ್ದೇನೆ. ಮಾವ ಹಾಡಿದ ಎಂದು ಹೇಳು.

ಪುಟ್ಟಿಯ ಹಲ್ಲು ಬೇಗ ಬರಲಿ, ಅವಳ ಗಂಟಲು ತಣ್ಣಗಿರಲಿ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಬೇಡ, ಅವಳು ಕೇಳಿದರೆ ಮಾತ್ರ ತಿಳಿಸು.

ಅಟ್ಟದಿಂದ ನಿನ್ನ ಆಟವನ್ನು ಒಮ್ಮೆಯೂ ನೋಡದ,
ನಿನ್ನ ಹೆಂಡತಿಯ ತಮ್ಮ